ತೀರ್ಥರೂಪರ ಹಾದಿಯಲ್ಲಿ: ಬೀದರ, ಭಾಲ್ಕಿ, ಔರಾದ

ನಮ್ಮ ಕಡೆ ಕಾಗದ ಬರೆಯುವಾಗ ತಂದೆಯನ್ನು 'ತೀರ್ಥರೂಪ' ಎಂದು ಸಂಬೋಧಿಸುವುದು ಹಿಂದಿನಿಂದ ನಡೆದುಬಂದ ರೂಢಿ. ಮಠದ ಪ್ರಸಾದ ನಿಲಯದಲ್ಲಿದ್ದಾಗ ನಾನೂ ಮನೆಗೆ ಬರೆದ ಪ್ರತಿಯೊಂದು ಕಾರ್ಡಿನ ತಲೆಯ ಮೇಲೆ ಆ ಪದವನ್ನು ಬರೆದಿದ್ದೇನೆ. ಅದರ ಅರ್ಥವೇನೆಂದು ಆಗ ಯೋಚಿಸಿದವನಲ್ಲ. ಶರಣರು ತೀರ್ಥಕ್ಷೇತ್ರಗಳ ಅಲೆದಾಟವನ್ನು ಒಪ್ಪಲಿಲ್ಲ. ಆದಕಾರಣ ಈ ಬರಹವನ್ನು ಯಾತ್ರಾಕಥನವೆಂದು ಕರೆಯಲು ಸಂಕೋಚವಾಗುತ್ತದೆ. ಕಾಶಿಗೂ ಹೋಗಲಿಲ್ಲ, ಕೇದಾರಕ್ಕೂ ಹೋಗಲಿಲ್ಲ. ಒಂದೇ ಜಿಲ್ಲೆಯ ಮೂರು ಊರುಗಳನ್ನು ನಾಲ್ಕು ದಿನಗಳಲ್ಲಿ ನೋಡಿ ಬಂದೆ. ಬೀದರದಲ್ಲಿ ನನ್ನ ತಂದೆಯವರು ದುಡಿದರು, ಭಾಲ್ಕಿಯ ಮಠಕ್ಕೆ ನಡೆದುಕೊಂಡರು, ಔರಾದ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಸಂಸಾರ ನಡೆಸಿ, ಅಲ್ಲಿಯ ಮಣ್ಣಿನಲ್ಲಿಯೇ ಲಿಂಗೈಕ್ಯರಾದರು. ಕಾಯಕ, ಗುರು, ಮನೆ ಎಂಬ ಮೂರು ನೆಲೆಗಳು ಅವರ ಬಾಳಿನಲ್ಲಿ ಮೂರು ಊರುಗಳಾಗಿದ್ದವು.

ಅವರು ಹೋಗಿ ಮೂವತ್ತು ವರ್ಷಗಳಾದವು. ಅವರ ವಿಭೂತಿಯ ಚೀಲದೊಡನೆ ನನ್ನ ಪಾಲಿಗೆ ಬಂದದ್ದು ಅಂಗೈಯಗಲದ ಒಂದು ಕಿಸೆವಹಿ. ರಟ್ಟು ಸವೆದಿದೆ, ದಾರದ ಹೊಲಿಗೆ ಸಡಿಲಾಗಿದೆ. ಒಳಗೆಲ್ಲ ಉರ್ದು ಅಕ್ಷರಗಳು. ನನಗೆ ಉರ್ದು ಬಾರದು. ಅಂಗಡಿಯ ಲೆಕ್ಕವಿರಬೇಕೆಂದು ಭಾವಿಸಿ, ತಾಳೆಗರಿ ಮತ್ತು ವಚನಕಟ್ಟುಗಳ ನಡುವೆ ಅದನ್ನು ಕಪಾಟಿನಲ್ಲಿಟ್ಟು ಮರೆತಿದ್ದೆ. ಊರೂರಿನ ಹಸ್ತಪ್ರತಿಗಳನ್ನು ಹುಡುಕಿ ಓದಿದವನು ಮನೆಯ ಹಸ್ತಪ್ರತಿಯನ್ನು ಓದಿರಲಿಲ್ಲ. ಕಳೆದ ಎಳ್ಳಮಾವಾಸ್ಯೆಗೆ ಊರಿಗೆ ಬಾರೆಂದು ತಂಗಿಯ ಮಕ್ಕಳು ಕರೆದಾಗ, ಏಕೋ ಅದನ್ನೂ ಚೀಲದೊಳಗೆ ಹಾಕಿಕೊಂಡು ಹೊರಟೆ.

ಬೀದರ

ಬೀದರ ನಗರವು ಕೆಂಪು ಮುರಕಲ್ಲಿನ ಎತ್ತರದ ನೆಲದ ಮೇಲೆ ಕುಳಿತಿದೆ. ಡಿಸೆಂಬರಿನ ಮುಂಜಾವಿನಲ್ಲಿ ಇಲ್ಲಿ ಬೀಸುವ ಗಾಳಿಗೆ ಕರ್ನಾಟಕದ ಬೇರೆ ಬಯಲು ಊರುಗಳಲ್ಲಿ ಕಾಣದ ಚಳಿಯುಂಟು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಕೋಟೆಯನ್ನೂ, 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾವನ್ನೂ ನೋಡಲು ಇಂದಿಗೂ ದೂರದೇಶದವರು ಬರುತ್ತಾರೆ. ಅರ್ಧ ಕುಸಿದ ಆ ವಿದ್ಯಾಲಯದ ಗೋಡೆಯಲ್ಲಿ ನೀಲಿ, ಹಸಿರು ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ. ಕೋಟೆಯ ಮಣ್ಣನ್ನು ಬಳಸಿ, ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆಗಳನ್ನು ಕೂರಿಸುವ ಬಿದರಿ ಕಸುಬು ಚೌಬಾರದ ಸುತ್ತಲಿನ ಓಣಿಗಳಲ್ಲಿ ಇನ್ನೂ ಜೀವಂತವಾಗಿದೆ.

ನನ್ನ ತಂದೆಯವರಿಗೆ ಮಾತ್ರ ಬೀದರವೆಂದರೆ ಗಂಜ್. ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಅವರು ಮೂವತ್ತೈದಕ್ಕೂ ಹೆಚ್ಚು ವರ್ಷ ಗುಮಾಸ್ತರಾಗಿದ್ದರು. ಆ ಅಂಗಡಿ ಈಗಿಲ್ಲ. ಆದರೆ ಗಂಜಿನ ವಾಸನೆ ಬದಲಾಗಿಲ್ಲ: ತೊಗರಿಯ ದೂಳು, ಗೋಣಿಚೀಲ, ಹಮಾಲರ ಬೆವರು, ಚಹಾ. ಅಂದು ರೈತರು ಬಂಡಿಗಳಲ್ಲಿ ತೊಗರಿ, ಉದ್ದು, ಹೆಸರು, ಕಡಲೆ ಹೇರಿಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುತ್ತಿದ್ದರು. ಇಂದು ಟೆಂಪೋಗಳು ಬರುತ್ತವೆ; ಸೋಯಾ ಅವರೆಯ ರಾಶಿಗಳು ಹೆಚ್ಚಾಗಿವೆ. ಕಾಳು ಸುರಿಯುವುದು, ಸವಾಲು ಕೂಗುವುದು, ತೂಕ, ಆಮೇಲೆ ಅಡತಿ ಹಮಾಲಿಗಳನ್ನು ಕಳೆದು ರೈತನಿಗೆ ಪಟ್ಟಿ ಬರೆದುಕೊಡುವುದು, ಇದು ಅಂದಿನ ಕ್ರಮ. ಆ ಪಟ್ಟಿ ಬರೆಯುವ ಕೆಲಸ ನನ್ನ ತಂದೆಯವರದು.

ಬರೆದದ್ದನ್ನು ರೈತನಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳದೆ ಅವರು ಹೆಬ್ಬೆಟ್ಟು ಹಾಕಿಸಿಕೊಂಡದ್ದಿಲ್ಲ. ಮೊದಲ ಸಲ ಓದಿದ್ದು ರೈತನಿಗೆ, ಎರಡನೆಯ ಸಲ ಓದಿದ್ದು ತಮಗಾಗಿ ಎಂದು ಅವರು ಹೇಳುತ್ತಿದ್ದುದುಂಟು. ಸಾಲಿನಲ್ಲಿ ನಿಂತವರು ಗೊಣಗಿದರೆ, ಅಂಗಡಿಯ ಧಣಿ ಅವಸರ ಮಾಡಿದರೆ, ಅವರು ದನಿಯನ್ನು ಏರಿಸುತ್ತಿರಲಿಲ್ಲ. ಓದುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು, ಬಾಡಿಗೆಯ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ ಅಂಗಡಿಗೆ ಬಂದು, ಲೆಕ್ಕದ ಮಣೆಯ ಮುಂದೆ ಕುಳಿತುಕೊಳ್ಳುವ ಮುನ್ನ ಇನ್ನೊಮ್ಮೆ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಳ್ಳುತ್ತಿದ್ದರು. ಕಾಯಕವೆಂದರೇನೆಂದು ನಾನು ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲಿ ಉಪನ್ಯಾಸ ಮಾಡಿದ್ದೇನೆ. ಅದರ ವ್ಯಾಖ್ಯಾನವನ್ನು ನಾನು ಮೊದಲು ಕಂಡದ್ದು ಆ ಎರಡನೆಯ ಓದಿನಲ್ಲಿ.

ಅವರ ಕಾಲದ ಗುಮಾಸ್ತಿಕೆ ಇಂದಿನವರಿಗೆ ಊಹೆಗೆ ನಿಲುಕದು. ಅವರು ಲೆಕ್ಕ ಬರೆಯಲಾರಂಭಿಸಿದಾಗ ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿತ್ತು. ಗಡಿಯಾಚೆಯ ವ್ಯಾಪಾರಕ್ಕೆ ಕಲ್ದಾರ್ ರೂಪಾಯಿ ಬೇಕು. ಆರು ಕಲ್ದಾರಿಗೆ ಸುಮಾರು ಏಳು ಹಾಲಿಯ ಲೆಕ್ಕ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯೇ ಮೂರು ಹೋಳಾಯಿತು: ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ, ಉಳಿದ ನಾವು ಮೈಸೂರಿಗೆ. ಮರುವರ್ಷ ಏಪ್ರಿಲಿನಿಂದ ಆಣೆ ಹೋಗಿ ನಯಾಪೈಸೆ ಬಂದಿತು; ಅದರ ಹಿಂದೆಯೇ ಸೇರು ಮಣಗಳು ಹೋಗಿ ಕಿಲೋ ಬಂದಿತು. ಕುಳಿತ ಮಣೆಯಿಂದ ಮೇಲೇಳದೆ ಆ ಮನುಷ್ಯ ಸಂಸ್ಥಾನ ಬದಲಿಸಿದ್ದರು, ರಾಜ್ಯ ಬದಲಿಸಿದ್ದರು, ನಾಣ್ಯ ಬದಲಿಸಿದ್ದರು, ತಕ್ಕಡಿ ಬದಲಿಸಿದ್ದರು. ಬದಲಿಸದೆ ಉಳಿದದ್ದು ಲಿಪಿಯೊಂದೇ. ಅವರ ಬಾಲ್ಯದಲ್ಲಿ ಊರಿನ ಸರಕಾರಿ ಶಾಲೆಯಲ್ಲಿ ಕಲಿಸಿದ್ದು ಉರ್ದು. ತಮ್ಮ ಹುಟ್ಟನ್ನೂ ಅವರು ಫಸಲಿ ಸನ್ನಿನಲ್ಲಿಯೇ ಹೇಳುತ್ತಿದ್ದರು. ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ, ಕೈಯ ಬರಹ ಉರ್ದು; ಆ ತಲೆಮಾರಿನ ಬೀದರದವರ ಪಾಡು ಇದು.

ಚೌಬಾರದ ಸಮೀಪ ನಿವೃತ್ತ ಉರ್ದು ಮಾಸ್ತರರೊಬ್ಬರ ಮನೆ. ವಯಸ್ಸು ಎಂಬತ್ತು ದಾಟಿದೆ. ಪರಿಚಿತರೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಮಾಸ್ತರರು ಕಿಸೆವಹಿಯನ್ನು ಕಣ್ಣಿನ ಹತ್ತಿರ ಹಿಡಿದು ಒಂದು ಸಾಲು ಓದಲು ನೋಡಿದರು, ನಿಲ್ಲಿಸಿದರು, ಮತ್ತೆ ಓದಿದರು. ಅವರ ಮುಖದಲ್ಲಿ ಗೊಂದಲ ಕಂಡಿತು. ಆಮೇಲೆ ನಕ್ಕರು.

"ಪಂಡಿತರೇ, ಅಕ್ಷರ ನಮ್ಮವು ಖರೇ. ಆದರೆ ಇದು ಉರ್ದು ಅಲ್ರೀ. ಇದು ಕನ್ನಡ ಅದ!"

ನಾನು ನಂಬಲಿಲ್ಲ. ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ನಮ್ಮ ಳಕಾರಕ್ಕೂ ಣಕಾರಕ್ಕೂ ಅಲ್ಲಿ ಬೇರೆ ಅಕ್ಷರವಿಲ್ಲ. ಜೋಳವು ಜೋಲವಾಗಿತ್ತು, ಶರಣನು ಶರನನಾಗಿದ್ದನು. 'ಮ', 'ಗ' ಎಂದು ಅವರು ಓದಿದರೆ ಅದು ಮಗನೋ, ಮಗುವೋ ಎಂಬುದನ್ನು ನಾನು ಹಿಂದುಮುಂದಿನ ಮಾತು ನೋಡಿ ನಿರ್ಧರಿಸಬೇಕು. ಹೀಗೆ ಮಾಸ್ತರರು ವ್ಯಂಜನಗಳನ್ನು ಕೊಡುತ್ತ ಹೋದರು, ನಾನು ಸ್ವರಗಳನ್ನು ಕೂಡಿಸುತ್ತ ಹೋದೆ. ಇಬ್ಬರಲ್ಲಿ ಒಬ್ಬನಿಂದಲೇ ಆ ಪುಸ್ತಕವನ್ನು ಓದುವುದು ಆಗುತ್ತಿರಲಿಲ್ಲ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಕುಳಿತೆವು. ಅವರ ಸೊಸೆ ಮೂರು ಸಲ ಚಹಾ ತಂದಿಟ್ಟರು.

ಮೊದಲ ಅರ್ಧದಲ್ಲಿದ್ದುದು ವಚನಗಳು. ಮಠದ ಪ್ರಾರ್ಥನೆಯಲ್ಲಿ, ಶಿವಾನುಭವ ಗೋಷ್ಠಿಯಲ್ಲಿ ಕಿವಿಗೆ ಬಿದ್ದುದನ್ನು ಅವರು ತಮಗೆ ಗೊತ್ತಿದ್ದ ಅಕ್ಷರಗಳಲ್ಲಿ ಹಿಡಿದಿಟ್ಟುಕೊಂಡಿದ್ದರು. ಅಲ್ಲಲ್ಲಿ ಪದ ತಪ್ಪಿದೆ. ಎಲ್ಲಿ ಮರೆತುಹೋಯಿತೋ ಅಲ್ಲಿ ಜಾಗ ಬಿಟ್ಟಿದ್ದಾರೆ. ಕೆಲವು ಜಾಗಗಳನ್ನು ಮುಂದೊಂದು ದಿನ ಬೇರೆ ಮಸಿಯಲ್ಲಿ ತುಂಬಿದ್ದಾರೆ. ಎರಡನೆಯ ಅರ್ಧದಲ್ಲಿದ್ದುದು ಲೆಕ್ಕ. ಅಂಗಡಿಯ ಲೆಕ್ಕವಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹಣ ಕೊಡಹೋದರೆ ಮಾಸ್ತರರು ಕೈ ಹಿಡಿದುಕೊಂಡರು. "ನಿಮ್ಮ ತಂದೀ ಅಕ್ಷರ ಭಾಳ ಛಂದ ಅವರೀ. ನಾ ಸಾಲಿ ಹುಡುಗರಿಗೆ ತೋರಸ್ತಿದ್ದೆ, ಆಗ ಸಿಕ್ಕಿದ್ರ," ಎಂದರು.

ಭಾಲ್ಕಿ

ಮರುದಿನ ಬೀದರದಿಂದ ರೈಲು ಹಿಡಿದು ಖಾನಾಪುರ, ಹಲಬರ್ಗಾಗಳನ್ನು ದಾಟಿ ಭಾಲ್ಕಿಗೆ ಬಂದೆ. ಕಿಟಕಿಯಾಚೆ ಕೆಂಪು ನೆಲ ಮೆಲ್ಲನೆ ಕಪ್ಪಾಗುತ್ತ ಬರುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು, ಕಡಲೆ ಹೂವಿಗೆ ಬಂದಿತ್ತು. 1970ರಲ್ಲಿ, ನನ್ನ ಹತ್ತನೆಯ ವಯಸ್ಸಿನಲ್ಲಿ, ಇದೇ ಹಾದಿಯಾಗಿ ತಂದೆಯವರು ನನ್ನನ್ನು ಕರೆತಂದಿದ್ದರು. ಹೆಗಲ ಮೇಲೆ ಜೋಳದ ಗಂಟು, ಕೈಯಲ್ಲಿ ನನ್ನ ಟ್ರಂಕು. ಇಳಿಯುವವರೆಗೆ ಅವರು ಹೇಳಿದ್ದು ಒಂದೇ ಮಾತು: "ಅಪ್ಪನವರ ಹತ್ರ ಬಿಡ್ತೀನಿ, ಛಂದ ಓದಪ್ಪಾ."

ಅಪ್ಪನವರೆಂದರೆ ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು. ನಮ್ಮ ನಾಡಿನಲ್ಲಿ ಹೆತ್ತ ತಂದೆಗೂ ಗುರುವಿಗೂ ಒಂದೇ ಪದವಿರುವುದು ಸುಮ್ಮನೆ ಅಲ್ಲ. ಪೂಜ್ಯರು ಹುಟ್ಟಿದ್ದು 1890ರ ಡಿಸೆಂಬರ್ 22ರಂದು, ಅಂದಿನ ಔರಾದ ಸೀಮೆಯ ಕಮಲನಗರದಲ್ಲಿ; ಅದು ಈಗ ತಾನೇ ಒಂದು ತಾಲೂಕು ಕೇಂದ್ರ. ಲಿಂಗೈಕ್ಯರಾದದ್ದು 1999ರ ಏಪ್ರಿಲ್ 22ರಂದು. ನೂರೆಂಟು ವರ್ಷಗಳ ಆ ಬಾಳಿನ ಬಹುಭಾಗ ಈ ಗಡಿನೆಲದ ಮಕ್ಕಳಿಗೆ ಅನ್ನ, ಅಕ್ಷರ ನೀಡುವುದರಲ್ಲಿಯೇ ಕಳೆಯಿತು. ಬಸವಕಲ್ಯಾಣದಲ್ಲಿ ಇಂದು ನಾವು ನೋಡುವ ಅನುಭವ ಮಂಟಪದ ಹಿಂದೆ ಅವರ ಶ್ರಮವಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಸುಲಭವಿರದಿದ್ದಾಗ, ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರೆಂದು ಈ ಜಿಲ್ಲೆಯ ಚಿಕ್ಕ ಮಕ್ಕಳೂ ಅವರನ್ನು ನೆನೆಯುತ್ತಾರೆ. ಬೀದರ ನಗರದ ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಆ ಹಲಗೆಯ ಕಥೆಯನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಹೊರಗೆ ಉರ್ದು, ಒಳಗೆ ಕನ್ನಡ! ಅಂಥದೇ ಒಂದು ಹಲಗೆ ನನ್ನ ಮನೆಯ ಕಪಾಟಿನಲ್ಲಿ ಮೂವತ್ತು ವರ್ಷ ಇದ್ದಿತು. ಹೊರಗಿನ ಅಕ್ಷರ ನೋಡಿಯೇ ನಾನು ಒಳಗನ್ನು ತಿಳಿದುಬಿಟ್ಟೆನೆಂದುಕೊಂಡಿದ್ದೆ.

ಇನ್ನು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನನ್ನು ಸೇರಿಸಿದ ದಿನ ತಂದೆಯವರು ಪಟ್ಟಿಯಲ್ಲಿ ಉರ್ದುವಿನಲ್ಲಿ ಸಹಿ ಮಾಡಿದರು. ಯಾರೂ ಏನೂ ಅನ್ನಲಿಲ್ಲ. ಆ ಕಾಲದಲ್ಲಿ ಅದು ವಿಶೇಷವೂ ಅಲ್ಲ. ಆದರೆ ಕನ್ನಡವೇ ಉಸಿರಾಗಿದ್ದ ಆ ಆವರಣದಲ್ಲಿ ಬಲದಿಂದ ಎಡಕ್ಕೆ ಓಡಿದ ಆ ಸಹಿ ನನ್ನ ಎಳೆಯ ಮನಸ್ಸಿಗೆ ಮುಳ್ಳಾಯಿತು. ಎರಡು ವರ್ಷಗಳಲ್ಲಿ ನಾನು ವಚನಗಳನ್ನು ಬಾಯಿಪಾಠ ಹೇಳಿ ಬಹುಮಾನ ಪಡೆಯುವ ಹುಡುಗನಾದೆ. ಒಂದು ದಿನ ತಂದೆಯವರು ಎಂದಿನಂತೆ ಗಂಟು ಹೊತ್ತು ಬಂದು ಬಾಗಿಲ ಹೊರಗೆ ನಿಂತಿದ್ದರು. ದೂಳು ತುಂಬಿದ ಧೋತರ, ಕಿವಿಯ ಮೇಲೆ ಗಂಜಿನ ಲೇಖಣಿಕೆ. ಜೊತೆಯ ಹುಡುಗ "ಯಾರೋ ಅವರು?" ಎಂದು ಕೇಳಿದ. "ನಮ್ಮೂರವರು," ಎಂದೆ.

ಸುಳ್ಳೇನೂ ಅಲ್ಲ, ಅವರು ನಮ್ಮೂರವರೇ. ಆ ಮಾತು ಅವರ ಕಿವಿಗೆ ಬಿದ್ದಿತೋ ಇಲ್ಲವೋ ಇಂದಿಗೂ ನಾನರಿಯೆ. ಗಂಟನ್ನು ಒಳಗೆ ಒಪ್ಪಿಸಿದರು, ನನ್ನ ತಲೆ ಮುಟ್ಟಿದರು, ರೈಲಿಗೆ ಹೊತ್ತಾಯಿತೆಂದು ಹೋದರು. ಅದಾದ ಮೇಲೆ ಬಹುಕಾಲ ಅವರು ನನ್ನನ್ನು ನೋಡಲು ಬರಲಿಲ್ಲ. ಅದು 1972, ದೊಡ್ಡ ಬರದ ವರ್ಷ. ಕೆರೆ ಬಾವಿ ಬತ್ತಿದ್ದವು. ಊರೂರಿನ ಜನ ಕಾಮಗಾರಿಗೆ ಹೋಗಿ ಕಲ್ಲು ಒಡೆಯುತ್ತಿದ್ದರು. ದುಡಿಮೆಯ ಗದ್ದಲದಲ್ಲಿ ಅಪ್ಪ ನನ್ನನ್ನು ಮರೆತರೆಂದುಕೊಂಡೆ. ಆ ಕಹಿಯನ್ನು ಎದೆಯಲ್ಲಿಟ್ಟುಕೊಂಡೇ ದೊಡ್ಡವನಾದೆ, ಧಾರವಾಡಕ್ಕೆ ಹೋದೆ, ಪಂಡಿತನೆನಿಸಿಕೊಂಡೆ.

ಕಿಸೆವಹಿಯ ಎರಡನೆಯ ಅರ್ಧದಲ್ಲಿದ್ದುದು ಮಠಕ್ಕೆ ಕೊಟ್ಟ ದಾಸೋಹದ ಲೆಕ್ಕ. 1970ಕ್ಕೆ ಜೋಳ ಒಂದು ಚೀಲ. 1971ಕ್ಕೆ ಜೋಳ ಒಂದು ಚೀಲ, ತೊಗರಿ ಹತ್ತು ಸೇರು. ಬರದ ವರ್ಷ ಬಂದಾಗ ಒಂದು ಸಾಲಿನ ಬದಲು ಮೂರು ಸಾಲುಗಳಿವೆ. ಬೀದರದ ಮಾಸ್ತರರ ಮನೆಯಲ್ಲಿ ಬಿಡಿಸಿ ಬರೆದುಕೊಂಡಿದ್ದ ಆ ಸಾಲುಗಳನ್ನು ಭಾಲ್ಕಿಯ ಮಠದ ಕಟ್ಟೆಯ ಮೇಲೆ ಕುಳಿತು ಮತ್ತೊಮ್ಮೆ ಓದಿದೆ.

"ಭಾಲ್ಕಿ. ಜೋಳ ಎರಡು ಸೇರು. ಮಗ ಓದುತ್ತಿದ್ದ. ಕರೆಯಲಿಲ್ಲ."

"ಭಾಲ್ಕಿ. ಜೋಳ ಎರಡು ಸೇರು. ಮಗ ಆಡುತ್ತಿದ್ದ. ಕರೆಯಲಿಲ್ಲ."

"ಭಾಲ್ಕಿ. ಜೋಳ ಒಂದು ಸೇರು. ಮಗ ಓದುತ್ತಿದ್ದ. ಎತ್ತರ ಆಗ್ಯಾನ."

ಮುಂದಿನ ವರ್ಷದ ಸಾಲು ಹೀಗಿದೆ: ಜೋಳ ಒಂದು ಚೀಲ, ಹಿಂದಿನ ಬಾಕಿ ಅರ್ಧ ಚೀಲ. ಅದರ ಮುಂದಿನ ವರ್ಷ ಉಳಿದ ಬಾಕಿಯನ್ನೂ ತೀರಿಸಿ, ಅಡಿಯಲ್ಲಿ ಗೆರೆ ಎಳೆದಿದ್ದಾರೆ. ಮಠದವರು ಕೇಳಿದ ಬಾಕಿಯಲ್ಲ ಅದು. ಮಠಕ್ಕೆ ಆ ಲೆಕ್ಕವೇ ಗೊತ್ತಿರಲಿಲ್ಲ. ಬರದ ವರ್ಷದಲ್ಲಿ ಕೊಡಲಾಗದೆ ಹೋದುದನ್ನು ಗಂಜಿನ ಗುಮಾಸ್ತ ತನ್ನ ಹೆಸರಿನಲ್ಲಿ ಸಾಲವೆಂದು ಬರೆದುಕೊಂಡಿದ್ದರು.

ಆ ಕಟ್ಟೆಯ ಮೇಲೆ ನಾನೆಷ್ಟು ಹೊತ್ತು ಕುಳಿತಿದ್ದೆನೋ. ಹಿರಿಯ ಪೂಜ್ಯರ ನಂತರ ಶ್ರೀ ಬಸವಲಿಂಗ ಪಟ್ಟದ್ದೇವರು ಈ ಪರಂಪರೆಯನ್ನು ಮುನ್ನಡೆಸಿದ್ದಾರೆ. ಹೆತ್ತವರು ಬಿಟ್ಟುಹೋದ ಹಸುಳೆಗಳನ್ನೂ ಮಠವು ಎತ್ತಿ ಸಾಕಿದೆ. ಅಂಗಳದಲ್ಲಿ ಮಕ್ಕಳು ಓಡಾಡುತ್ತಿದ್ದರು. ತಂದೆ ಯಾರೆಂದು ತಿಳಿಯದ ಮಕ್ಕಳಿಗೆ ಇಲ್ಲಿ ಅಪ್ಪನವರಿದ್ದಾರೆ. ತಂದೆ ಬಾಗಿಲಲ್ಲಿ ನಿಂತಿದ್ದಾಗಲೂ ನಾನು ಗುರುತು ಹೇಳಿರಲಿಲ್ಲ. ಪ್ರಸಾದಕ್ಕೆ ಕರೆದರು, ಹೋಗಿ ಪಂಕ್ತಿಯಲ್ಲಿ ಕುಳಿತೆ. ತಟ್ಟೆಯಲ್ಲಿದ್ದುದು ಜೋಳದ ರೊಟ್ಟಿ. ಬಾಲ್ಯದಲ್ಲಿ ಇದೇ ನೆಲದ ಮೇಲೆ ಕುಳಿತು ನಾನು ಉಂಡ ರೊಟ್ಟಿಯಲ್ಲಿ ಎರಡು ಸೇರು ಯಾರದೆಂದು ಈಗ ತಿಳಿಯಿತು.

ಔರಾದ

ಭಾಲ್ಕಿಯಿಂದ ಔರಾದಕ್ಕೆ ಹೋಗಬೇಕಾದರೆ ಮಾಂಜ್ರಾ ನದಿಯನ್ನು ದಾಟಬೇಕು. ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮ ಜಿಲ್ಲೆಯನ್ನು ಹಾಯ್ದು, ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುವ ನದಿಯಿದು. ಕರ್ನಾಟಕದ ತುತ್ತತುದಿಯ ತಾಲೂಕು ಔರಾದ. ಉತ್ತರಕ್ಕೂ ಪಶ್ಚಿಮಕ್ಕೂ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ. ಸಂತೆಯಲ್ಲಿ ನಿಂತರೆ ಒಂದೇ ವ್ಯಾಪಾರದಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತವೆ. ಊರಿನ ದೈವ ಅಮರೇಶ್ವರ. ಕಪ್ಪುಬಿಳಿ ಮಚ್ಚೆಗಳ ದೇವಣಿ ತಳಿಯ ದನಗಳಿಗೆ ಈ ಸೀಮೆ ಹೆಸರುವಾಸಿ.

ನಮ್ಮ ಹಳ್ಳಿ ಅಲ್ಲಿಂದ ಮತ್ತಷ್ಟು ಒಳಗೆ. ಖುಷ್ಕಿ ಜಮೀನು, ಮಳೆ ನಂಬಿದ ಬದುಕು. ತಂದೆಯವರು ಬೀದರದಲ್ಲಿದ್ದುದರಿಂದ ಒಕ್ಕಲುತನವನ್ನು ನಡೆಸಿದವಳು ನಮ್ಮವ್ವ. ಗಂಜಿಗೆ ರಜೆಯಿದ್ದ ದಿನ ಅವರು ಬಸ್ಸಿನಲ್ಲಿ ಬಂದರೆ, ಅಂಗಿ ಕಳೆದು ನೇರವಾಗಿ ಹೊಲಕ್ಕೆ. ರಾತ್ರಿ ಕಂದೀಲಿನ ಮುಂದೆ ಅವ್ವ ವಾರದ ಖರ್ಚು ಹೇಳುವಳು, ಅವರು ಕೇಳುವರು. ಊರಿನ ಲೆಕ್ಕವೆಲ್ಲ ಬರೆಯುತ್ತಿದ್ದ ಮನುಷ್ಯ ಮನೆಯ ಲೆಕ್ಕವನ್ನು ಮಾತ್ರ ಬರೆಯಲಿಲ್ಲ. "ಅಕಿ ಬಾಯಿಲೆಕ್ಕ ನನ್ನ ವಹಿಗಿಂತ ಚೊಕ್ಕ ಅದ," ಎನ್ನುತ್ತಿದ್ದರು. ನನ್ನ ಇಬ್ಬರು ತಂಗಿಯರ ಮದುವೆಗೆ ಅವರು ಬೀದರದ ಧಣಿಯಿಂದ ಪಡೆದ ಸಾಲ ತೀರಲು ಹನ್ನೊಂದು ವರ್ಷ ಹಿಡಿಯಿತು. ಆ ಹನ್ನೊಂದು ವರ್ಷಗಳಲ್ಲಿ ಮಠದ ಸಾಲು ಒಮ್ಮೆಯೂ ಖಾಲಿ ಉಳಿದಿಲ್ಲವೆಂಬುದು ಈಗ ಗೊತ್ತಾಯಿತು.

ಊರವರು ಅವರನ್ನು ಇಂದಿಗೂ ನೆನೆಯುವುದು ಬೇರೊಂದು ಕಾರಣಕ್ಕೆ. 1948ರ ಮೇ ತಿಂಗಳಿನಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸುದ್ದಿಯಿಂದ ನಮ್ಮ ಜನ ಹೊಲಗಳಲ್ಲಿ ಅಡಗಿ ರಾತ್ರಿ ಕಳೆದರು. ಸೆಪ್ಟೆಂಬರಿನ ನಂತರ ಭಯವು ಮನೆ ಬದಲಿಸಿತು. ಏನೂ ಅರಿಯದ ಬಡ ಮುಸಲ್ಮಾನರು ಊರು ಬಿಟ್ಟರು. ನೆರೆಮನೆಯ ಪಿಂಜಾರ ಕುಟುಂಬವು ಹೊರಡುವ ರಾತ್ರಿ ಮನೆಯ ಕೀಲಿಕೈಯನ್ನು ನನ್ನ ತಂದೆಯವರ ಕೈಗೆ ಕೊಟ್ಟಿತು. ಅವರಿಗಾಗ ಹರೆಯ. ಆ ಮನೆಗೆ ಕೈ ಹಾಕಬಂದವರ ಮುಂದೆ ಅವರು ಕೀಲಿ ಹಿಡಿದು ಹೊಸ್ತಿಲ ಮೇಲೆ ಕುಳಿತರಂತೆ. ಜಗಳವಾಡಲಿಲ್ಲ, ಏಳಲೂ ಇಲ್ಲ. ಮುಂದಿನ ಸುಗ್ಗಿಗೆ ಆ ಕುಟುಂಬ ಮರಳಿ ಬಂದಾಗ ಅರಳೆ ಬಡಿಯುವ ಬಿಲ್ಲೂ ಅದರ ಗೂಟದಲ್ಲಿಯೇ ಇದ್ದಿತು. ಇದನ್ನು ತಂದೆಯವರು ನಮಗೆ ಹೇಳಿದವರಲ್ಲ. ಈ ಸಲ ಆ ಮನೆತನದ ಮೊಮ್ಮಗ ಹೇಳಿದ. ನಮ್ಮ ಹೊಲದ ಪಕ್ಕದ ಹೊಲ ಅವನದು.

ಎಳ್ಳಮಾವಾಸ್ಯೆ ನಮ್ಮ ಕಡೆಯ ದೊಡ್ಡ ಹಬ್ಬ. ಬೆಳೆ ತುಂಬಿನಿಂತ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ದಿನ. ಹಿಂದಿನ ರಾತ್ರಿಯಿಂದಲೇ ಮನೆಯಲ್ಲಿ ಸಜ್ಜೆಯ ರೊಟ್ಟಿ, ಹಸಿ ಕಾಳು ಕಾಯಿಪಲ್ಯಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಮಡಕೆಯಲ್ಲಿ ಹುಳಿಯಿಟ್ಟ ಅಂಬಲಿ, ಹೋಳಿಗೆ ಸಿದ್ಧವಾಗುತ್ತವೆ. ಬೆಳಗಾದರೆ ಊರಿಗೆ ಊರೇ ಖಾಲಿ; ಎಲ್ಲರೂ ಹೊಲದಲ್ಲಿ. ಜೋಳದ ದಂಟುಗಳನ್ನು ಕೂಡಿಸಿ ಕಟ್ಟಿದ ಗೂಡಿನಲ್ಲಿ ಪೂಜೆಯಾದ ಮೇಲೆ, ಬೆಳೆಯ ಸಾಲುಗಳಲ್ಲಿ ಚರಗ ಚೆಲ್ಲುತ್ತಾರೆ. ಮನೆಯವರು, ಆಳುಗಳು, ದಾರಿಹೋಕರು ಎಂಬ ಭೇದವಿಲ್ಲದೆ ಕೂಡಿ ಉಣ್ಣುತ್ತಾರೆ.

ಹೊಲದ ಮೂಡಣ ಮೂಲೆಯಲ್ಲಿ, ಬೇವಿನ ನೆರಳಿನಲ್ಲಿ ತಂದೆಯವರ ಸಮಾಧಿಯಿದೆ, ಪಕ್ಕದಲ್ಲಿ ಅವ್ವನದು. ನಮ್ಮ ಸಂಪ್ರದಾಯದಂತೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕುಳ್ಳಿರಿಸಿದ್ದೇವೆ. ಪಟ್ಟಿ ಬರೆಯಲು ಕುಳಿತ ಭಂಗಿಯಲ್ಲಿಯೇ ಅವರು ಕುಳಿತಿರುವರೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಊಟವಾದ ಮೇಲೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಅಲ್ಲಿ ಕೂಡಿಸಿ, ಬಿಡಿಸಿ ಬರೆದುಕೊಂಡಿದ್ದ ಕಿಸೆವಹಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಇನ್ನೊಮ್ಮೆ ಓದಿದೆ. ಎರಡನೆಯ ಸಲ ಏಕೆಂದು ಹುಡುಗರು ಕೇಳಿದರು. ಹಾಗೆ ಓದುವುದು ನಮ್ಮ ಮನೆಯ ಪದ್ಧತಿಯೆಂದೆ.

ಚಿಕ್ಕ ತಂಗಿ ಒಂದೇ ಪ್ರಶ್ನೆ ಕೇಳಿದಳು: "ಅಣ್ಣಾ, ಅಪ್ಪಗ ಕನ್ನಡ ಅಕ್ಷರ ಬರ್ತಿದ್ದಿಲ್ಲೇನು? ನೀ ಕಲಸಲಿಲ್ಲೇನು?"

ಉತ್ತರ ಕೊಡಲಾಗಲಿಲ್ಲ. ನೂರಾರು ವಿದ್ಯಾರ್ಥಿಗಳಿಗೆ ಹಳಗನ್ನಡ ಕಲಿಸಿದೆ. ವಚನಗಳ ಪಾಠಾಂತರಗಳನ್ನು ಕುರಿತು ಪುಟಗಟ್ಟಲೆ ಬರೆದೆ. ಮರೆತ ಪದಕ್ಕೆ ಜಾಗ ಬಿಟ್ಟು ಕಾದಿದ್ದ ಆ ಒಬ್ಬ ಓದುಗರಿಗೆ ಅಆಇಈ ಹೇಳಿಕೊಡಲು ನನಗೆ ತೋಚಲಿಲ್ಲ. ರಜೆಗೆ ಬಂದಾಗ ಎಷ್ಟು ಸಂಜೆಗಳು ಖಾಲಿಯಿದ್ದವು! ಅವರೂ ಕೇಳಲಿಲ್ಲ. ಕಲಿತ ಮಗನನ್ನು ಕೇಳಲು ನಾಚಿದರೋ, ಓದುತ್ತಿದ್ದಾನೆ, ಕರೆಯಬಾರದೆಂದುಕೊಂಡರೋ! ಅವರ ವಹಿಯಲ್ಲಿ ಬಾಕಿಗಳೆಲ್ಲ ತೀರಿ ಗೆರೆ ಬಿದ್ದಿದೆ. ನನ್ನ ವಹಿಯಲ್ಲಿ ಈ ಬಾಕಿ ಉಳಿಯಿತು.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ಹಳೆಯ ಹೈದರಾಬಾದು ಸೀಮೆಯ ಎಷ್ಟೋ ಲಿಂಗಾಯತ ಮನೆಗಳ ಟ್ರಂಕುಗಳಲ್ಲಿ ಉರ್ದು, ಮೋಡಿ ಅಕ್ಷರಗಳ ವಹಿಗಳು, ಕಾಗದಗಳು ಇಂದಿಗೂ ಇರಬಹುದು. ಓದಲು ಬಾರದೆಂದು ಅವುಗಳನ್ನು ರದ್ದಿಗೆ ಹಾಕಬೇಡಿ, ಒಲೆಗೆ ಹಾಕಬೇಡಿ. ಆ ಅಕ್ಷರ ಬಲ್ಲ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಯಾವ ಮತದವರೇ ಆಗಲಿ, ಬಾಗಿಲು ತಟ್ಟಿ, ಪಕ್ಕದಲ್ಲಿ ಕುಳಿತು ಓದಿಸಿಕೊಳ್ಳಿ. ಬಹುಶಃ ಅದು ಬರಿಯ ಎಣ್ಣೆ ಬೆಲ್ಲದ ಲೆಕ್ಕವಿದ್ದೀತು. ಇರಲಿ. ನಮಗಾಗಿ ಯಾರು ಎಷ್ಟು ಸೇರು ಕೊಟ್ಟರೆಂಬುದು ಅಂಥ ಲೆಕ್ಕದಲ್ಲಿಯೇ ಇರುತ್ತದೆ. ತಂದೆ ತಾಯಿ ಇನ್ನೂ ಮನೆಯಲ್ಲಿದ್ದರೆ, ಅವರು ಕೇಳದಿದ್ದರೂ, ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ಮರಳುವಾಗ ತಂಗಿಯ ಮಗ ಹೊಲದ ಜೋಳ ಒಂದು ಚೀಲವನ್ನು ಗಾಡಿಗೆ ಹಾಕಿದ. ಅದನ್ನು ಭಾಲ್ಕಿಯಲ್ಲಿ ಇಳಿಸಿ ಬಂದೆ. ಕಿಸೆವಹಿಯ ಕೊನೆಯಲ್ಲಿ ಎರಡು ಹಾಳೆ ಖಾಲಿಯಿದ್ದವು. ತಂದೆಯವರ ಕೊನೆಯ ಸಾಲಿನ ಕೆಳಗೆ, ಕನ್ನಡದಲ್ಲಿ, ಈ ವರ್ಷದ ಲೆಕ್ಕ ಬರೆದೆ: ಭಾಲ್ಕಿ. ಜೋಳ ಒಂದು ಚೀಲ.